ದನಿ ತೆಗೆದು ನೋಡಿದ ಸಿನಿಮಾ

ನಮ್ಮ ಕಡೆ ನಡೆದ ಮೊಟ್ಟಮೊದಲ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ನನ್ನನ್ನು ಕರೆದದ್ದು ಸಿನಿಮಾ ನೋಡಲಿಕ್ಕಲ್ಲ, ಹೆಂಗಸರನ್ನು ಹೊಂದಿಸಿಕೊಡಲಿಕ್ಕೆ. ಉತ್ಸವ ಸಮಿತಿಯ ಸಂಚಾಲಕರು ಫೋನ್ ಮಾಡಿದಾಗ ನಾನು ಹೊನ್ನಾವರದ ನನ್ನ ಶಾಲೆಯಲ್ಲಿ ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕನ್ನಡ ಕಲಿಸುವವಳು ನಾನು. ಕೈಯಲ್ಲಿ ಕೆಂಪು ಪೆನ್ನಿದ್ದಾಗ ನನ್ನ ತಲೆ ಸ್ವಲ್ಪ ಬಿಸಿಯೇ ಇರುತ್ತದೆ.

"ಮೇಡಂ, ನಿಮ್ಮೂರಿನ ಹಾಡುವ ಹೆಂಗಸರು ಒಂದು ಹತ್ತು ಮಂದಿ ಬೇಕಾಗಿತ್ತು," ಎಂದರು. "ಹಾಡದಿದ್ದರೂ ಅಡ್ಡಿಯಿಲ್ಲ. ಕೊರಳ ತುಂಬ ಮಣಿಸರ ಹಾಕಿಕೊಂಡು ಬಾಗಿಲಲ್ಲಿ ಆರತಿ ಹಿಡಿದು ನಿಂತರೆ ಸಾಕು. ಹೊರದೇಶದವರು ಬರುತ್ತಾರಲ್ಲ, ಫೋಟೋ ಚಂದ ಬರುತ್ತದೆ."

ಹಾಡುವವರು ಬೇಕಂತೆ, ಹಾಡು ಬೇಡವಂತೆ! ಮಾವಿನ ತೋರಣ ಕಟ್ಟಿಕೊಳ್ಳಿ ಎಂದು ಹೇಳಿ ಫೋನು ಕುಕ್ಕುವವಳಿದ್ದೆ. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಎಂಟು ವರ್ಷದ ಹಿಂದೆ ನಿಮ್ಮೂರಲ್ಲಿ ಚಿತ್ರೀಕರಣ ಮಾಡಿದ್ದ ಸಾಕ್ಷ್ಯಚಿತ್ರವೇ ಉದ್ಘಾಟನಾ ಚಿತ್ರ, ಮುಂಬೈಯಿಂದ ನಿರ್ದೇಶಕರೂ ಬರುತ್ತಿದ್ದಾರೆ, ಹೊರದೇಶಗಳಲ್ಲೆಲ್ಲ ಅದಕ್ಕೆ ಬಹುಮಾನ ಬಂದಿದೆ ಎಂದರು. ನನ್ನ ಕೈ ಅಲ್ಲೇ ನಿಂತಿತು. ಆ ಸಿನಿಮಾ ನಾವು ಯಾರೂ ನೋಡಿರಲಿಲ್ಲ. ತಂದು ತೋರಿಸುತ್ತೇವೆ ಎಂದು ಮಾತು ಕೊಟ್ಟು ಹೋದವರು ಈ ಕಡೆ ತಲೆ ಹಾಕಿರಲಿಲ್ಲ. ಅದರೊಳಗೆ ನಮ್ಮ ಆಚೆಮನೆಯಕ್ಕ ಇದ್ದಳು. ಅವಳ ದನಿ ಇತ್ತು. ಬೇರೆಲ್ಲೂ ಇರಲಿಲ್ಲ.

ಅಕ್ಕ ತೀರಿಕೊಂಡು ಆರು ವರ್ಷ. ಬಾಡದ ಹತ್ತಿರದ ನಮ್ಮ ಊರಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ಆಕೆ ಆಚೆಮನೆಯಕ್ಕನೇ. ಈಚೆಮನೆ ನಮ್ಮದು. ಅಲ್ಲಿ ನನ್ನ ಸೋದರತ್ತೆ, ಅಪ್ಪನ ತಂಗಿ, ಇದ್ದಾಳೆ. ಇವರಿಬ್ಬರೂ ಜೋಡಿ. ನಮ್ಮಲ್ಲಿ ಹಾಡು ಒಬ್ಬರ ಸ್ವತ್ತಲ್ಲ. ಒಬ್ಬಳು ಸಾಲು ಎತ್ತಬೇಕು, ಇನ್ನೊಬ್ಬಳು ಹಿಡಿಯಬೇಕು. ಎತ್ತುವವಳು ಗದ್ದೆಯ ಹರಿವೆಮಡಿಯ, ಹರಿವೆಸೊಪ್ಪಿನ ಪಾತಿಯ, ಈ ತುದಿಯಲ್ಲಿದ್ದರೆ ಹಿಡಿಯುವವಳು ಆ ತುದಿಯಲ್ಲಿ. ನಡುವೆ ಸಮುದ್ರದ ಗಾಳಿ. ಅರ್ಧ ಮಾತು ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ಹಿಡಿಯುವವಳ ಕಣ್ಣು ಯಾವತ್ತೂ ಎತ್ತುವವಳ ಬಾಯಿಯ ಮೇಲೇ ಇರುತ್ತದೆ. ತುಟಿಯಲ್ಲಿ ಮೊದಲೆರಡು ಮಾತು ಕಂಡರೆ ಸಾಕು, ಉಳಿದದ್ದು ತಾನಾಗಿ ಬಂದುಬಿಡುತ್ತದೆ. ಅಕ್ಕ ಎತ್ತುವವಳು, ಅತ್ತೆ ಹಿಡಿಯುವವಳು. ನಲವತ್ತು ವರ್ಷ ಹೀಗೇ ನಡೆಯಿತು.

ಹಿಡಿಯುವವಳಿಗೆ ಹಾಡೆಲ್ಲ ಬರುತ್ತದೆ, ಆದರೆ ತಾನಾಗಿ ಶುರು ಮಾಡಲಿಕ್ಕೆ ಬರುವುದಿಲ್ಲ. ಇದನ್ನು ಪೇಟೆಯವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗುತ್ತದೆ. "ನಲವತ್ತು ವರ್ಷ ಹಾಡಿದ ಮೇಲೂ ನೆನಪಿಲ್ಲವೇ?" ಎಂದು ಕೇಳುತ್ತಾರೆ. ನೆನಪಿದೆ, ಆದರೆ ಅದರ ಬಾಗಿಲ ಅಗಳಿ ಇನ್ನೊಬ್ಬಳ ಬಾಯಲ್ಲಿತ್ತು.

ಬೇರೆ ಹಾಡುಗಳೆಲ್ಲ ಹೇಗೋ ನಡೆಯುತ್ತವೆ. ಮುಟ್ಟಲಿಕ್ಕೆ ಆಗದೆ ನಿಂತದ್ದು ಒಂದೇ, ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗಿನ ಹಾಡು. ಮದುಮಗಳು ಅಂಗಳ ಇಳಿಯುವಾಗ ಶುರುವಾಗಿ, ಗದ್ದೆಯ ಅಂಚು ದಾಟಿ ರಸ್ತೆ ಮುಟ್ಟುವವರೆಗೂ ನಡೆಯುವ ಉದ್ದದ ಹಾಡು. ಅದನ್ನು ನಡುವೆ ಬಿಡಕೂಡದು. ಬಿಟ್ಟರೆ ಹುಡುಗಿಯನ್ನು ಅರ್ಧದಾರಿಯಲ್ಲಿ ಬಿಟ್ಟ ಹಾಗೆ. ಊರಿನಲ್ಲಿ ಅದನ್ನು ಎತ್ತಬಲ್ಲವಳು ಅಕ್ಕ ಒಬ್ಬಳೇ. ಸಾಯುವ ಮೊದಲು ಎರಡು ವರ್ಷ ಅವಳೂ ಎತ್ತಲಿಲ್ಲ. ಮದುವೆಮನೆಯವರು ಕರೆಯಲು ಬಂದರೆ "ಗಂಟ್ಲು ಸರಿ ಇಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ನಾವೂ ಗಂಟಲೇ ಇರಬೇಕೆಂದು ಕಷಾಯ ಮಾಡಿ ಕೊಡುತ್ತಿದ್ದೆವು.

ಈಗ ಅತ್ತೆಯ ಮೊಮ್ಮಗಳ ಮದುವೆ ವೈಶಾಖದಲ್ಲಿ ಗೊತ್ತಾಗಿದೆ. ಆ ಹುಡುಗಿ ಅಕ್ಕನ ಸೊಂಟದ ಮೇಲೆ ಬೆಳೆದವಳು. "ನಂಗೆ ಆ ಹಾಡು ಬೇಕು ಅಜ್ಜಿ, ಮೈಕಿನ ಹಾಡು ಹಾಕಿದ್ರೆ ನಾ ಅಂಗಳ ಇಳಿಯೂದಿಲ್ಲ" ಎಂದು ಹಟ ಹಿಡಿದಿದ್ದಳು. ಅತ್ತೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಮೊದಲ ಸಾಲು ಬರುತ್ತಿತ್ತು, 'ಗದ್ದೆಯಂಚಿನ ಮೇಲೆ ನಡೆದು ಹೋಗುವ ಮಗಳೆ' ಎಂದು. ಅಲ್ಲಿಗೆ ನಿಲ್ಲುತ್ತಿತ್ತು. ನಿಂತಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಸಿನಿಮಾದ ಸುದ್ದಿ ಹೇಳಿದ ದಿನ ಅವಳು ಹೆಚ್ಚುತ್ತಿದ್ದ ಮೊಗೆಕಾಯಿ ಅಲ್ಲೇ ಬಿಟ್ಟು ಎದ್ದು ನಿಂತಳು. "ಅವ್ಳು ಅದ್ರಲ್ಲಿ ಹಾಡ್ತಾಳೆ ಅಲ್ವಾ? ಅದೇ ಹಾಡು ಅಲ್ವಾ? ಆತು, ಆರತಿ ಎಂತ, ಚಾಪೆ ಹಾಸು ಅಂದ್ರೂ ಹಾಸ್ತೆ. ಕರ್ಕಂಡು ಹೋಗು ನನ್ನ."

ಹಾಗೆ ನಾನು ಹೆಂಗಸರನ್ನು ಹೊಂದಿಸಿಕೊಟ್ಟೆ.

ಮೂರು ದಿನದ ಉತ್ಸವ, ದಿನಕ್ಕೊಂದು ಊರು. ಮೊದಲು ಕುಮಟಾ, ಆಮೇಲೆ ಹೊನ್ನಾವರ, ಕೊನೆಗೆ ಭಟ್ಕಳ. ಕುಮಟಾದಲ್ಲಿ ಒಂದು ಕಾಲೇಜಿನ ಸಭಾಂಗಣ. ಹತ್ತು ಗಂಟೆಗೆ ಉದ್ಘಾಟನೆ ಎಂದು ನಮ್ಮ ಹೆಂಗಸರನ್ನು ಎಂಟಕ್ಕೇ ತಂದು ಬಿಸಿಲಲ್ಲಿ ನಿಲ್ಲಿಸಿದರು. ಅತಿಥಿಗಳು ಬಂದದ್ದು ಹನ್ನೆರಡಕ್ಕೆ. ಆರತಿಯ ಎಣ್ಣೆ ಎರಡು ಸಲ ತೀರಿತ್ತು. ಕ್ಯಾಮೆರಾದವನೊಬ್ಬ ಅತ್ತೆಯ ಗದ್ದ ಹಿಡಿದು ಎತ್ತಿ, "ಸ್ಮೈಲ್ ಅಜ್ಜೀ, ಸ್ಮೈಲ್" ಎಂದ. ಗದ್ದ ಹಿಡಿಯಲಿಕ್ಕೆ ಇವನೇನು ಅವಳ ಮೊಮ್ಮಗನೇ? ನಾನು ಅವನ ಕೈ ತೆಗೆಸಿದೆ. ಕೊರಳಲ್ಲಿ ಉತ್ಸವದ ಗುರುತುಪಟ್ಟಿ ಹಾಕಿಕೊಂಡಿದ್ದ ಕಾರ್ಯಕರ್ತೆಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಸೀನ್ ಮಾಡಬೇಡಿ" ಎಂದಳು. ನಮ್ಮ ಕಡೆಯಲ್ಲೇ, ನನ್ನ ಅತ್ತೆಯ ಎದುರಿಗೆ!

ಆರತಿ ಮುಗಿಯಿತು, ಅತಿಥಿಗಳು ಒಳಗೆ ಹೋದರು. ನಮ್ಮವರು ಹಿಂದೆಯೇ ಹೊರಟರೆ ಬಾಗಿಲಲ್ಲಿ ಕೈ ಅಡ್ಡ ಬಂತು. ಡೆಲಿಗೇಟ್ ಕಾರ್ಡ್ ಇದ್ದವರಿಗೆ ಮಾತ್ರ ಪ್ರವೇಶವಂತೆ. ಜಾನಪದ ತಂಡಕ್ಕೆ ಹಿಂದಿನ ಷೆಡ್ಡಿನಲ್ಲಿ ಊಟವಂತೆ.

"ಒಳಗೆ ಪರದೆ ಮೇಲೆ ಬರುವುದು ಯಾರು ಗೊತ್ತೇ ನಿಮಗೆ?" ಎಂದೆ. "ಇವಳೇ. ಈ ಮುಖವೇ. ಇವಳ ಮುಖ ಒಳಗೆ ಹೋಗಬಹುದು, ಇವಳು ಹೋಗಬಾರದು ಅಲ್ಲವೇ?"

ನನ್ನ ದನಿ ಶಾಲೆಯ ಮೈದಾನದ ಆ ತುದಿಗೆ ಕೇಳುವಂಥದ್ದು. ಒಳಗಿನಿಂದ ಸಂಚಾಲಕರು ಓಡಿ ಬಂದರು. ಹಲ್ಲು ಕಿರಿಯುತ್ತ, ಇಬ್ಬರಿಗಾದರೆ ಜಾಗ ಮಾಡಬಹುದು ಎಂದರು. ಉಳಿದ ಹೆಂಗಸರು ಅತ್ತೆಯನ್ನು ಮುಂದೆ ದೂಡಿದರು. "ನೀ ಹೋಗಿ ಕೇಳ್ಕಂಡು ಬಾ. ನಾವು ಊಟ ಮಾಡ್ಕಂಡು ಮನಿಗೆ ಹೋಗ್ತ್ರು" ಎಂದು ಷೆಡ್ಡಿನ ಕಡೆ ನಡೆದರು. ನಾವಿಬ್ಬರೂ ಕೊನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆವು.

ಭಾಷಣಗಳನ್ನು ಬಿಟ್ಟುಬಿಡುತ್ತೇನೆ. ನಮ್ಮ ಕರಾವಳಿ ಇವತ್ತಿನಿಂದ ವಿಶ್ವದ ಭೂಪಟದಲ್ಲಿ ಬಂತು ಎಂದು ಒಬ್ಬರು ಹೇಳಿದರು. ನಿನ್ನೆಯವರೆಗೆ ನಾವೆಲ್ಲ ಎಲ್ಲಿದ್ದೆವೋ!

ದೀಪ ಆರಿತು. ಸಿನಿಮಾ ಶುರುವಾಯಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡಳು. ಮೊದಲು ಸಮುದ್ರ, ಆಮೇಲೆ ಬಾಡದ ಕಡೆಯ ದೋಣಿಗಳು, ಆಮೇಲೆ ನಮ್ಮ ಹರಿವೆಮಡಿ. ಆ ತುದಿಯಲ್ಲಿ ಕೊಡ ಬಗ್ಗಿಸುತ್ತ ಆಚೆಮನೆಯಕ್ಕ! ಎದುರಿಗೆ ಎಂಟು ವರ್ಷ ಚಿಕ್ಕವಳಾದ ಅತ್ತೆ. ಅಕ್ಕ ಬಾಯಿ ತೆರೆದಳು. 'ಗದ್ದೆಯಂಚಿನ' ಎಂಬಷ್ಟು ಕೇಳಿತು, ನಿಜವಾಗಿ ಅವಳದೇ ದನಿ, ಸ್ವಲ್ಪ ಒಡಕು, ಮೂಗಿನಲ್ಲಿ ಸುತ್ತಿ ಬರುವಂಥದ್ದು. 

ಅದರ ಮೇಲೆ ಪಿಟೀಲು ಬಂತು. ಒಂದಲ್ಲ, ಇಪ್ಪತ್ತು ಪಿಟೀಲು. ಅದರ ಮೇಲೆ ನಿರ್ದೇಶಕನ ಇಂಗ್ಲಿಷ್ ವಿವರಣೆ, ಗುಹೆಯೊಳಗಿಂದ ಮಾತಾಡಿದ ಹಾಗೆ. ಕೆಳಗೆ ಅಕ್ಷರ ಬರುತ್ತಿತ್ತು, ಹಳ್ಳಿಯ ಹೆಂಗಸರು ಗುನುಗುತ್ತಿದ್ದಾರೆ ಎಂದು. ಗುನುಗುವುದಂತೆ! ಗದ್ದೆಯ ಈಚೆಯಿಂದ ಆಚೆಗೆ ಮುಟ್ಟುವ ಹಾಡಿಗೆ ಇವನು ಇಟ್ಟ ಹೆಸರು ಅದು. ಅಕ್ಕನ ಬಾಯಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ.

ಅತ್ತೆಗೆ ಅದೆಲ್ಲ ಅರ್ಥವಾಗುವ ಮೊದಲೇ ಅಭ್ಯಾಸ ಕೆಲಸ ಮಾಡಿತು. ಎತ್ತಿದ ಸಾಲನ್ನು ಹಿಡಿಯದೆ ಬಿಡುವುದುಂಟೇ? ಕುರ್ಚಿಯಲ್ಲೇ ನೆಟ್ಟಗೆ ಕೂತು ಅವಳು ಹಿಡಿದೇಬಿಟ್ಟಳು, ತುಂಬು ದನಿಯಲ್ಲಿ, 'ಗದ್ದೆಯಂಚಿನ ಮೇಲೆ ನಡೆದು ಹೋಗುವ ಮಗಳೆ' ಎಂದು. ಸಭಾಂಗಣದ ತಲೆಗಳೆಲ್ಲ ಹಿಂದೆ ತಿರುಗಿದವು. ಯಾರೋ ನಕ್ಕರು. ಪಟ್ಟಿಯ ಹುಡುಗಿ ಓಡಿಬಂದು ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದಳು. ಅತ್ತೆ ಬಾಯಿ ಮುಚ್ಚಿಕೊಂಡಳು. ಎಪ್ಪತ್ತು ದಾಟಿದವಳು, ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. 

ಕೊನೆಗೆ ಬಂದದ್ದು ಎಲ್ಲರೂ ಹೊಗಳುವ ಆ ದೃಶ್ಯ. ಅಕ್ಕನ ಅಂಗಳ, ಇಳಿಬಿಸಿಲು, ಪರದೆಯ ತುಂಬ ಅವಳ ಮುಖ ಮಾತ್ರ. ಕಣ್ಣಲ್ಲಿ ನೀರಿನ ಹೊಳಪು. ತುಟಿಗಳು ನಿಧಾನ ಅಲ್ಲಾಡುತ್ತವೆ, ಪಿಟೀಲು ಏರುತ್ತದೆ, ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಹೆಸರುಗಳು ಬಂದವು. ಪಿಟೀಲಿನವರ ಹೆಸರಿತ್ತು, ಊಟ ಒದಗಿಸಿದವರ ಹೆಸರೂ ಇತ್ತು. ವಿಶೇಷ ಕೃತಜ್ಞತೆ ಎಂಬಲ್ಲಿ ನನ್ನ ಹೆಸರಿತ್ತು, ಇನಿಶಿಯಲ್ ಸಮೇತ. ಅಕ್ಕ ಮತ್ತು ಅತ್ತೆ 'ಗ್ರಾಮಸ್ಥರು' ಎಂಬ ಒಂದೇ ಪದದೊಳಗೆ ಹೋಗಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ನಿರ್ದೇಶಕನನ್ನು ತಡೆದು ನಿಲ್ಲಿಸಿದೆ. ಅವನಿಗೆ ನನ್ನ ಗುರುತು ಹತ್ತಿತು. "ಅರೇ ಟೀಚರ್‌ಜೀ! ನೀವಿಲ್ಲದಿದ್ದರೆ ಈ ಸಿನಿಮಾನೇ ಆಗುತ್ತಿರಲಿಲ್ಲ" ಎಂದು ಹಿಂದಿಯಲ್ಲಿ ಹೇಳಿ ಕೈ ಮುಗಿದ. ಅದು ಸುಳ್ಳಲ್ಲ. ಆ ದಿನಗಳಲ್ಲಿ ಅವನ ಹಿಂದಿಗೂ ನಮ್ಮವರ ಮಾತಿಗೂ ನಡುವೆ ಇದ್ದವಳು ನಾನು. ರಜೆ ಹಾಕಿ, ಕ್ಯಾಮೆರಾದ ಪಕ್ಕದಲ್ಲೇ ನಿಂತು, ಅವನು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವನಿಗೆ ದಾಟಿಸಿದ್ದೆ.

"ಹಾಡು ಎಲ್ಲಿ?" ಎಂದೆ. "ನೀವು ಪೂರ್ತಿ ರೆಕಾರ್ಡ್ ಮಾಡಿದ್ದಿರಿ. ಅದು ನಮಗೆ ಬೇಕು. ಪಿಟೀಲಿಲ್ಲದ್ದು."

ಅವನು ಭುಜ ಕುಣಿಸಿದ. ಅದೆಲ್ಲ ಯಾವಾಗಲೋ ಅಳಿಸಿಹೋಗಿದೆ, ಹಾರ್ಡ್ ಡಿಸ್ಕ್ ತುಂಬಿತ್ತು, ಬೇಕಾದ್ದನ್ನಷ್ಟೇ ಇಟ್ಟುಕೊಂಡೆವು ಎಂದ. ವಿದೇಶದ ಪ್ರೇಕ್ಷಕರಿಗೆ ಆ ಧ್ವನಿ ಸ್ವಲ್ಪ ಒರಟು, ಭಾವನೆ ಮುಟ್ಟಬೇಕಾದರೆ ಸಂಗೀತ ಬೇಕೇ ಬೇಕು ಎಂದೂ ಹೇಳಿದ. ಹೇಳಿ, ಅತ್ತೆಯ ಕಡೆ ತಿರುಗಿ ನಕ್ಕು, ಅವಳ ಜೊತೆ ಒಂದು ಸೆಲ್ಫಿ ತೆಗೆದುಕೊಂಡ. ನಾನು ಏನೇನು ಅಂದೆನೋ. ಕನ್ನಡದಲ್ಲಿ ಅಂದದ್ದರಿಂದ ಅವನು ಉಳಿದುಕೊಂಡ. ಇಡೀ ಊರಿನ ಮದುವೆಗಳ ಹಾಡನ್ನು ಒರಟು ಎಂದು ಒರೆಸಿಹಾಕಿದವನು ಅದನ್ನೇ ಉಳಿಸಿದೆ ಎಂದು ಬಹುಮಾನ ತೆಗೆದುಕೊಳ್ಳುತ್ತಿದ್ದಾನೆ. ಥೂ!

ಅತ್ತೆ ಬೈಯಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಹೇಳಿದಳು: "ದನಿ ಹೋತು, ಸರಿ. ಬಾಯಿ ಅದೆ ಅಲ್ವಾ? ನಾ ಯಾವಾಗ್ಲೂ ಅವ್ಳ ಬಾಯಿ ನೋಡೇ ಹಿಡಿತಿದ್ದೆ. ಆ ಪಿಟೀಲು ಬಂದ್ ಮಾಡಿ, ಸ್ವಲ್ಪ ನಿಧಾನಕ್ಕೆ ತೋರ್ಸಿದ್ರೆ ನಾ ಓದ್ತೆ."

ನಾನು ರಸ್ತೆಯ ಮಧ್ಯೆ ನಿಂತುಬಿಟ್ಟೆ. ಅತ್ತೆ ಶಾಲೆಗೆ ಹೋದವಳಲ್ಲ. ಹೆಬ್ಬೆಟ್ಟು ಒತ್ತುವವಳು. ಆದರೂ ಆ ಇಡೀ ಸಭಾಂಗಣದಲ್ಲಿ ಓದಬಲ್ಲವಳು ಇವಳೊಬ್ಬಳೇ ಇದ್ದಳು.

ಮರುದಿನ ಹೊನ್ನಾವರದಲ್ಲಿ ಹನ್ನೊಂದು ಗಂಟೆಗೆ ಅದೇ ಸಿನಿಮಾ ಎಂದು ಕಾರ್ಯಕ್ರಮದ ಪಟ್ಟಿಯಲ್ಲಿತ್ತು. ಹೋದರೆ ಹಾಲ್‌ಗೆ ಬೀಗ. ಹೊರಗೆ ಒಂದು ಕಾಗದ ಅಂಟಿಸಿದ್ದರು, ತಾಂತ್ರಿಕ ಕಾರಣಗಳಿಂದ ಪ್ರದರ್ಶನ ರದ್ದು ಎಂದು. ತಾಂತ್ರಿಕ ಕಾರಣ ಏನೆಂದರೆ, ಅತಿಥಿಗಳಿಗೆಲ್ಲ ಯಾಣದ ಬಂಡೆ ನೋಡಬೇಕೆನ್ನಿಸಿ, ಸಮಿತಿಯವರೆಲ್ಲ ಅವರ ಬೆನ್ನಿಗೆ ವ್ಯಾನು ಹತ್ತಿ ಹೋಗಿದ್ದರು. ಇದನ್ನು ನನಗೆ ಹೇಳಿದವರು ಎದುರಿನ ಚಹಾದಂಗಡಿಯವರು. ಸಿನಿಮಾ ನೋಡಲಿಕ್ಕೆಂದು ಬಂದಿದ್ದ ಇಪ್ಪತ್ತು ಮೂವತ್ತು ಜನ ಬೀಗ ನೋಡಿ ವಾಪಸು ಹೋಗುತ್ತಿದ್ದರು. ನನ್ನ ಶಾಲೆಯ ಎರಡು ತರಗತಿಯ ಮಕ್ಕಳೂ ಸಾಲಾಗಿ ಬಂದಿದ್ದವು, ಉತ್ಸವದವರೇ ಪತ್ರ ಕೊಟ್ಟು ಕರೆಸಿದ್ದರಂತೆ.

ಸಂಚಾಲಕರಿಗೆ ಫೋನ್ ಮಾಡಿದೆ. ದನಿ ತೆಗೆದು ಒಂದೇ ಒಂದು ಸಲ ತೋರಿಸಿ, ಹತ್ತು ನಿಮಿಷದ ಕೆಲಸ ಎಂದೆ.

"ಸಿನಿಮಾಕ್ಕೆ ಒಂದು ಪಾವಿತ್ರ್ಯ ಇರುತ್ತದೆ ಮೇಡಂ," ಎಂದರು ಆ ಮಹಾನುಭಾವರು. ಹಿಂದೆ ಗಾಳಿಯ ಸದ್ದು, ಯಾರೋ ಕೂಗಿ ನಗುವುದು ಕೇಳುತ್ತಿತ್ತು. "ಶಬ್ದ ತೆಗೆದರೆ ಕಲಾಕೃತಿಗೆ ಅವಮಾನ ಮಾಡಿದ ಹಾಗೆ."

ಅಕ್ಕನ ಶಬ್ದ ತೆಗೆದಾಗ ಯಾರಿಗೂ ಅವಮಾನವಾಗಿರಲಿಲ್ಲ! ಬಾಯಿಗೆ ಬಂದದ್ದನ್ನು ಅಂದು ಫೋನಿಟ್ಟೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದವು. ನೋಡಲಿ, ಅವಕ್ಕೂ ಗೊತ್ತಾಗಲಿ ಎಂದುಕೊಂಡೆ.

"ನಾಳೆ ಭಟ್ಕಳದಲ್ಲಿ ಅದೆ ಅಲ್ವನೆ?" ಎಂದಳು ಅತ್ತೆ. ಅವಳು ಚಹಾದಂಗಡಿಯ ಬೆಂಚಿನಲ್ಲಿ ಕೂತು ಬನ್ನು ಅದ್ದಿ ತಿನ್ನುತ್ತಿದ್ದಳು. "ಇಲ್ಲಿ ಬಾಯಿ ಮಾಡ್ದೆ, ಎಂತ ಸಿಕ್ತು? ಅಲ್ಲಿ ಬೆಳಿಗ್ಗೆ ಬೇಗ ಹೋಗ್ವ. ಸಾಹೇಬ್ರು ಬರೂಕಿಂತ ಮೊದ್ಲು."

ಭಟ್ಕಳದಲ್ಲಿ ಒಂದು ಮದುವೆ ಹಾಲ್‌ನಲ್ಲಿ ಪರದೆ ಕಟ್ಟಿದ್ದರು. ನಾವು ಮುಟ್ಟಿದಾಗ ಎಂಟೂವರೆ. ಹಿಂದಿನ ದಿನದ ಬಿರಿಯಾನಿಯ ವಾಸನೆ ಇನ್ನೂ ಹೋಗಿರಲಿಲ್ಲ. ಕುರ್ಚಿಗಳ ನಡುವೆ ವೈರು ಎಳೆಯುತ್ತಿದ್ದವರು ಒಬ್ಬರೇ, ಐವತ್ತು ದಾಟಿದ ಗೃಹಸ್ಥರು, ತಲೆಗೆ ಬಿಳಿ ಟೊಪ್ಪಿ, ಕೊರಳಲ್ಲಿ ಉತ್ಸವದ ಪಟ್ಟಿ ಗಿಟ್ಟಿ ಏನೂ ಇಲ್ಲ. ಹಾಲ್‌ನ ಮೈಕು, ಪ್ರೊಜೆಕ್ಟರು ಎಲ್ಲ ಅವರದೇ ಉಸ್ತುವಾರಿ. ಫೋನಿನಲ್ಲಿ ಯಾರೊಡನೆಯೋ ನವಾಯತಿಯಲ್ಲಿ ಮಾತಾಡುತ್ತಿದ್ದವರು ನಮ್ಮನ್ನು ನೋಡಿ ಕನ್ನಡಕ್ಕೆ ಬಂದರು. ನಾನು ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಹಾಡು, ಅಕ್ಕ, ಪಿಟೀಲು, ಮದುವೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ" ಎಂದೆ.

"ಯಾಕೆ ಆಗೂದಿಲ್ಲ?" ಎಂದರು ಅವರು. "ಆವಾಜ್ ಬಂದ್ ಮಾಡೂದಲ್ವಾ? ಒಂದು ಬಟನ್. ಇದಕ್ಕೆ ಇಷ್ಟು ಬಿಸಿ ಯಾಕೆ ಟೀಚರೇ? ಕೂತ್ಕೊಳ್ಳಿ. ಖಾಲಾ, ನೀವು ಮುಂದೆ ಬನ್ನಿ, ಮುಂದಿನ ಕುರ್ಚಿ."

ಮೂರು ದಿನದಲ್ಲಿ ಅತ್ತೆಯನ್ನು ಮುಂದಿನ ಕುರ್ಚಿಗೆ ಕರೆದವರು ಅವರೊಬ್ಬರೇ.

ಪರದೆ ಬೆಳಗಿತು. ಸದ್ದಿಲ್ಲದ ಸಮುದ್ರ, ಸದ್ದಿಲ್ಲದ ದೋಣಿ. ಹರಿವೆಮಡಿ ಬಂದ ಕೂಡಲೇ ಅವರು ವೇಗ ಅರ್ಧಕ್ಕೆ ಇಳಿಸಿದರು. ನಾನು ಪುಸ್ತಕ, ಪೆನ್ನು ಹಿಡಿದು ಅತ್ತೆಯ ಪಕ್ಕದಲ್ಲಿ ಕೂತೆ. ಕೆಂಪು ಪೆನ್ನೇ, ಬೇರೆ ಇರಲಿಲ್ಲ.

ಅಕ್ಕ ಬಾಯಿ ತೆರೆದಳು. ಅತ್ತೆಯ ತುಟಿ ಅವಳ ತುಟಿಯ ಜೊತೆಗೇ ತೆರೆಯಿತು. ಮೊದಲ ಸಾಲು. ಒಂದು ಕ್ಷಣ ತಡೆದು, "ಹಿಂದೆ... ಹಿಂದೆ ತಿರುಗಿ... ಹಾಂ!" ಎಂದು ಅತ್ತೆ ಕುರ್ಚಿಯ ಕೈ ಬಡಿದಳು. "ಹಿಂದೆ ತಿರುಗಿ ನೋಡಿದರೆ ಬೇಲಿ ಮಾತ್ರ ಕಂಡೀತು. ಬರಿ, ಬರಿ!" ನಾನು ಬರೆದೆ. ಮೂರನೆಯದು ಬಂತು. ನಾಲ್ಕನೆಯದರಲ್ಲಿ ಅಕ್ಕ ಕೊಡಕ್ಕೆ ಬಗ್ಗಿದಳು, ಬಾಯಿ ಮರೆಯಾಯಿತು, ಆದರೂ ಅತ್ತೆಗೆ ಸಿಕ್ಕಿತು. ಅವಳು ಎದ್ದಾಗ ಬಂದ ಐದನೆಯದೂ ಸಿಕ್ಕಿತು. ಮುದುಕಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನೋಡು, ಎಲ್ಲ ಅದೆ! ಕಳ್ಳಿ, ಎಲ್ಲ ಇಟ್ಕಂಡಿದ್ದಾಳೆ!" ಎಂದು ಪರದೆಯ ಮೇಲಿನ ಗೆಳತಿಯನ್ನು ಬೈದಳು. ಯಂತ್ರದವರೂ ವೈರು ಬಿಟ್ಟು ಬಂದು ನಿಂತಿದ್ದರು.

ಆರನೆಯ ಸಾಲಿಗೆ ದೃಶ್ಯ ಬದಲಾಯಿತು. "ಉಳಿದದ್ದು ಆ ಕೊನೆಯ ಮುಖದಲ್ಲಿ ಅದೆ," ಎಂದಳು ಅತ್ತೆ. "ಅಷ್ಟು ಹೊತ್ತು ಹಾಡ್ತಾಳೆ ಅಲ್ವಾ, ಅಲ್ಲಿ ಪೂರಾ ಸಿಕ್ತದೆ."

ಆ ದೃಶ್ಯ ತೆಗೆದ ಸಂಜೆ ನನಗೆ ನೆನಪಿತ್ತು. ನೆರಳು ಬೀಳುತ್ತದೆ ಎಂದು ಅತ್ತೆಯನ್ನು ಎಬ್ಬಿಸಿ ಜಗಲಿಯ ಆಚೆ ಬದಿಗೆ ಕೂರಿಸಿದ್ದರು. ಅಕ್ಕ ಒಬ್ಬಳೇ, ಎದುರಿಗೆ ಕ್ಯಾಮೆರಾ, ಕ್ಯಾಮೆರಾದ ಪಕ್ಕದಲ್ಲಿ ನಾನು. ಅವಳು ಹಾಡು ಎತ್ತುವಳು, ಎರಡು ಸಾಲು ಆಗುವಷ್ಟರಲ್ಲಿ ನಿರ್ದೇಶಕ ಕೈ ಎತ್ತಿ ನಿಲ್ಲಿಸುವನು. ಬೆಳಕು ಸರಿಯಿಲ್ಲ, ಇನ್ನೊಂದ್ಸಲ. ಕೋಳಿ ಕೂಗಿತು, ಇನ್ನೊಂದ್ಸಲ. ಎಷ್ಟು ಸಲ ಎಂದು ನಾನು ಎಣಿಸಲಿಲ್ಲ. ನಡುವೆ ಬಿಡಕೂಡದ ಹಾಡು ಅದು. ನನಗೆ ಗೊತ್ತಿತ್ತು. ಸಿನಿಮಾ ಅಲ್ಲವೇ, ಮದುವೆ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಪರದೆಯ ತುಂಬ ಅಕ್ಕನ ಮುಖ ಬಂತು. ಯಂತ್ರದವರು ಇನ್ನೂ ನಿಧಾನ ಮಾಡಿದರು. ತುಟಿ ಅಲ್ಲಾಡಿತು. ಅತ್ತೆ ಮುಂದಕ್ಕೆ ಬಾಗಿದಳು. ಅವಳ ತುಟಿ ಅಲ್ಲಾಡಲಿಲ್ಲ.

"ಹಾಡ್ತಾ ಇಲ್ಲ ಅವ್ಳು," ಎಂದಳು.

"ಎಂತ?" ಎಂದೆ.

"ಹಾಡಲ್ಲ ಇದು. ಮಾತಾಡ್ತಾಳೆ. ಭಾವಾ, ಇದೊಂದು ಸ್ವಲ್ಪ ಹಿಂದೆ ತಗಳಿ." ಅವರು ಹಿಂದೆ ತೆಗೆದರು. ಅತ್ತೆ ಒಂದೊಂದೇ ಮಾತು ಬಿಡಿಸಿ ಹೇಳಿದಳು, ಅಕ್ಕನ ತುಟಿಯ ಜೊತೆಜೊತೆಗೆ: "ಸಾಕು... ತಂಗಿ. ಹಾಡು... ಮುರೀತದೆ. ನಂಗೆ... ಆಗೂದಿಲ್ಲ. ಹೇಳೆ... ಅವ್ರಿಗೆ."

ಆ ಊರಿನಲ್ಲಿ ಅಕ್ಕ 'ತಂಗಿ' ಎಂದು ಕರೆಯುತ್ತಿದ್ದದ್ದು ನನ್ನೊಬ್ಬಳನ್ನೇ. ಪರದೆಯ ಮೇಲಿನ ಆ ಕಣ್ಣು, ಹೊರದೇಶದವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ ಆ ಒದ್ದೆ ಕಣ್ಣು, ನೋಡುತ್ತಿದ್ದದ್ದು ಕ್ಯಾಮೆರಾವನ್ನಲ್ಲ, ಅದರ ಪಕ್ಕದಲ್ಲಿ ನಿಂತಿದ್ದವಳನ್ನು.

ನನಗೆ ಮರೆತುಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಮರೆತಿರಲಿಲ್ಲ, ಆ ಕಡೆ ನೋಡದೆ ಇದ್ದೆ ಅಷ್ಟೆ. ಅವಳು ಗಂಟಲು ಸರಿಯಿಲ್ಲ ಎಂದು ಮದುವೆಮನೆಗಳಿಗೆ ಬೆನ್ನು ಹಾಕಿದಾಗಲೂ ನೋಡಲಿಲ್ಲ. ಮುರಿದ ಹಾಡನ್ನು ಯಾವ ಹುಡುಗಿಯ ಮುಂದೆಯೂ ಎತ್ತಬಾರದು ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ನಾನು ಹೋಗಿ ಕಷಾಯ ಕೊಟ್ಟು ಬಂದಿದ್ದೆ. ಮೂರು ದಿನದಿಂದ ಊರೂರಿಗೆ ಹೋಗಿ ನಿರ್ದೇಶಕನನ್ನು, ಸಂಚಾಲಕನನ್ನು, ಪಟ್ಟಿಯ ಹುಡುಗಿಯನ್ನು ಬೈದ ಬಾಯಿ ಇದು. ಅವರು ಬೈಸಿಕೊಳ್ಳಬೇಕಾದವರೇ, ಒಂದು ಮಾತೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ಆ ದಿನ ಅಂಗಳದಲ್ಲಿದ್ದ ನಿರ್ದೇಶಕನಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಅತ್ತೆ ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. "ನೀ ಎಂತ ಹೇಳ್ದೆ ಅವ್ರಿಗೆ?"

ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.

"ಅಕ್ಕ ತಯಾರಿದ್ದಾಳೆ, ಇನ್ನೊಂದ್ಸಲ ಹಾಡ್ತಾಳಂತೆ ಅಂದೆ," ಎಂದೆ.

ಅತ್ತೆ ಯಂತ್ರದವರ ಕಡೆ ತಿರುಗಿ, "ಆತು ಭಾವಾ, ಬಂದ್ ಮಾಡಿ. ನಿಮ್ಗೆ ಒಳ್ಳೇದಾಗ್ಲಿ" ಎಂದು ಎದ್ದಳು. ಹೊರಗೆ ಸಮಿತಿಯ ವ್ಯಾನು ಬಂದು ನಿಲ್ಲುತ್ತಿತ್ತು. ಅತಿಥಿಗಳು ಯಾಣದ ಕೆಮ್ಮಣ್ಣು ಹತ್ತಿದ ಬೂಟು ಹಾಕಿಕೊಂಡು ಇಳಿಯುತ್ತಿದ್ದರು. ನಿರ್ದೇಶಕ ನನ್ನನ್ನು ನೋಡಿ ದೂರದಿಂದಲೇ ಕೈ ಬೀಸಿದ. ಬೈಯಲು ನನ್ನ ಬಾಯಿ ಏಳಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು. ಕಾಯ್ಕಿಣಿಯ ಗದ್ದೆಗಳು, ಶರಾವತಿ ಸೇತುವೆ ಹಿಂದೆ ಹೋದವು. ಹೊನ್ನಾವರ ಬಂತು, ನಾನು ಇಳಿಯಬೇಕಾದಲ್ಲಿ ಇಳಿಯಲಿಲ್ಲ. ದಾರಿಯುದ್ದಕ್ಕೂ ನಾನು ಪಕ್ಕದಲ್ಲಿ ಇಲ್ಲವೇ ಇಲ್ಲ ಎಂಬಂತೆ ಹೊರಗೇ ನೋಡುತ್ತಿದ್ದ ಅತ್ತೆ, ಕುಮಟಾ ಹತ್ತಿರ ಬಂದಾಗ ನನ್ನ ತೊಡೆಯ ಮೇಲಿದ್ದ ಪುಸ್ತಕ ಬೆರಳಿಂದ ಕುಟ್ಟಿದಳು. ಕೆಂಪಕ್ಷರದ ಐದು ಸಾಲು ಅದರಲ್ಲಿತ್ತು.

"ಇದಿಷ್ಟೇ ಸಿಕ್ಕಿದ್ದು. ಮದ್ವೆ ದಿನ ನೀ ಎತ್ತು, ನಾ ಹಿಡೀತೆ."

"ನನಗೆ ರಾಗವೇ ಬರುವುದಿಲ್ಲ ಅತ್ತೆ. ಐದು ಸಾಲಿಗೆ ರಸ್ತೆ ಮುಟ್ಟುವುದೂ ಇಲ್ಲ."

"ಮುಟ್ಟದಿದ್ರೆ ಮುಂದಿಂದು ನೀನೇ ಕಟ್ಕಂಡು ಹೇಳು. ಕನ್ನಡ ಮೇಷ್ಟ್ರಮ್ಮ ಅಲ್ವಾ? ರಾಗ ತಪ್ಪಿದ್ರೆ ತಪ್ಲಿ, ಜನ ನಗಾಡಿದ್ರೆ ನಗಾಡ್ಲಿ, ಹುಡುಗಿ ರಸ್ತೆ ಮುಟ್ಟೂ ವರೆಗೆ ನಿಲ್ಸೂಕೆ ಇಲ್ಲ." ಅವಳು ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಇನ್ನೊಂದ್ಸಲ ಅಂತ ಮಾತ್ರ ಹೇಳ್ಬೇಡ."